ಕೊಡುವ ಕೈ ಯಾರದು, ದುಡ್ಡು ಯಾರದು?

ಕರ್ನಾಟಕದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಸುಮಾರು 55 ಲಕ್ಷ ಮಕ್ಕಳಿಗೆ ವಾರದಲ್ಲಿ ನಾಲ್ಕು ದಿನ ಮೊಟ್ಟೆ ಸಿಗುತ್ತಿರುವುದು ಒಂದು ಕುಟುಂಬದ ಸಂಪತ್ತಿನಿಂದ. 2024ರ ಜುಲೈನಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ರಾಜ್ಯ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿಯ ಹೊಣೆ ಅದರದು. ಸರ್ಕಾರದ ಪಾಲು ಉಳಿದ ಎರಡು ದಿನದ ಮೊಟ್ಟೆ. ಇದೇ ಸರ್ಕಾರದ ಖಜಾನೆಯಿಂದ, ಆಳುವ ಪಕ್ಷ ಯಾವುದೇ ಇರಲಿ, ಮಠಗಳಿಗೆ, ಸಮುದಾಯ ಭವನಗಳಿಗೆ, ಜಾತಿಗೊಂದರಂತೆ ಹುಟ್ಟಿದ ನಿಗಮಗಳಿಗೆ ದುಡ್ಡು ಹೋಗುತ್ತದೆ. ಎಲ್ಲ ಮಕ್ಕಳ ಹೊಟ್ಟೆ ನೋಡಿಕೊಳ್ಳಬೇಕಾದವರು ಒಂದೊಂದು ಸಮುದಾಯದ ಕಟ್ಟಡಕ್ಕೆ ಅಡಿಗಲ್ಲು ಹಾಕುತ್ತಿದ್ದಾರೆ. ತನ್ನವರಿಗಷ್ಟೇ ಕೊಟ್ಟಿದ್ದರೂ ಯಾರೂ ತಕರಾರು ತೆಗೆಯಲಾಗದ ಒಂದು ಮನೆತನ ಎಲ್ಲರ ಮಕ್ಕಳಿಗೆ ಉಣಬಡಿಸುತ್ತಿದೆ. ಮಾಡಬೇಕಾದ ಕೆಲಸವನ್ನು ಇಬ್ಬರೂ ಅದಲುಬದಲು ಮಾಡಿಕೊಂಡಿದ್ದಾರೆ. ನನ್ನ ತಕರಾರು ಇದೇ, ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡೇ ಇದನ್ನು ಹೇಳುತ್ತೇನೆ.

ಶ್ರೀಮಂತ ಮನೆತನವೊಂದು ತನ್ನ ಸಮುದಾಯದ ಸಂಸ್ಥೆಗೆ ದಾನ ಕೊಟ್ಟರೆ ಅದನ್ನು ಜಾತಿವಾದ ಎಂದು ತಳ್ಳಿಹಾಕುವ ರೂಢಿ ಓದಿದವರಲ್ಲಿ ಬೆಳೆದಿದೆ. ನಾನು ಇದನ್ನು ಒಪ್ಪುವುದಿಲ್ಲ. ಸವಣೂರಿನ ಸೀಮೆಗೆ ಅಂಟಿಕೊಂಡಂತಿರುವ ಶಿಗ್ಲಿಯಲ್ಲಿ 1861ರಲ್ಲಿ ಹುಟ್ಟಿದ ಒಬ್ಬ ಹುಡುಗ ಶಿರಸಂಗಿ ದೇಸಗತಿಗೆ ದತ್ತು ಹೋದ. ಲಿಂಗರಾಜ ದೇಸಾಯಿ ಎಂದು ನಾವು ಕರೆಯುವ ಆತ 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷ. 1906ರಲ್ಲಿ ತೀರಿಕೊಂಡಾಗ ಇಡೀ ದೇಸಗತಿಯ ಆಸ್ತಿ ಲಿಂಗಾಯತ ಹುಡುಗರ ಓದಿಗೆ ಮೀಸಲಾಗಿತ್ತು. ಊಟಕ್ಕೆ ಕೊರತೆಯಿಲ್ಲದಿದ್ದರೂ ಶಾಲೆಯ ಮುಖ ಕಾಣದಿದ್ದ ಒಕ್ಕಲು ಮನೆಗಳಿಂದ ಹುಡುಗರು ಪುಣೆ, ಮುಂಬೈ ಕಾಲೇಜುಗಳಿಗೆ ಹೋದದ್ದು ನವಲಗುಂದ–ಶಿರಸಂಗಿ ಟ್ರಸ್ಟಿನ ವಿದ್ಯಾರ್ಥಿವೇತನದಿಂದ. 1933ರಲ್ಲಿ ಕೆಎಲ್‌ಇ ಸಂಸ್ಥೆ ಬೆಳಗಾವಿಯಲ್ಲಿ ತೆರೆದ ಕಾಲೇಜು ಇಂದಿಗೂ ಅವರ ಹೆಸರಲ್ಲೇ ಇದೆ. ಲಿಂಗರಾಜರು ಕೊಟ್ಟದ್ದು ತಮ್ಮದನ್ನು, ತಮ್ಮವರಿಗೆ, ಬೇರೆ ಯಾರ ಬಾಯಿಯ ತುತ್ತನ್ನೂ ಕಸಿಯದೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ?

ತನ್ನವರಿಗೆ ಕೊಟ್ಟ ದಾನ ತನ್ನವರಲ್ಲೇ ನಿಲ್ಲುವುದೂ ಅಪರೂಪ. ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು ಊರೂರು ತಿರುಗಿ ಭಕ್ತರಿಂದ ಕೂಡಿಸಿದ ಕಾಣಿಕೆಯಲ್ಲಿ 1909ರಲ್ಲಿ ಬಾದಾಮಿಯ ಬಳಿ ಶಿವಯೋಗ ಮಂದಿರ ಕಟ್ಟಿದರು. ಉದ್ದೇಶ ತೀರ ಸೀಮಿತವಾದದ್ದು, ತಮ್ಮ ಪಂಥದ ವಟುಗಳನ್ನು ತಯಾರು ಮಾಡುವುದು. ಆದರೆ ಅದೇ ಸ್ವಾಮಿಗಳ ಕಣ್ಣಿಗೆ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಕುರುಡ ಹುಡುಗನೊಬ್ಬ ಬಿದ್ದ. ಅವನ ಕಂಠ ಕೇಳಿ ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಪಂಡಿತ ಪಂಚಾಕ್ಷರಿ ಗವಾಯಿಗಳಾಗಿ ಬೆಳೆದ ಆತ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದರು. ಇದೇ ಹಾನಗಲ್ಲ ಸೀಮೆಯಿಂದ ಬಂದ ಮತ್ತೊಬ್ಬ ಕುರುಡ ಹುಡುಗ, ಪುಟ್ಟರಾಜ ಗವಾಯಿಗಳು, ಅದನ್ನು ಮುಂದಿನ ತಲೆಮಾರುಗಳಿಗೆ ದಾಟಿಸಿದರು. ಜೋಳಿಗೆ ಹಿಡಿದವರು ಲಿಂಗಾಯತ ಸ್ವಾಮಿಗಳು, ಅದರಲ್ಲಿ ಬಿದ್ದದ್ದು ಬಹುಪಾಲು ಲಿಂಗಾಯತರ ಜೋಳ, ಲಿಂಗಾಯತರ ರೂಪಾಯಿ. ಆಶ್ರಮದ ಪಂಕ್ತಿಯಲ್ಲಿ ಕೂತು ಉಂಡ ಮಕ್ಕಳ ಜಾತಿ ಮಾತ್ರ ಯಾರೂ ಕೇಳಲಿಲ್ಲ. ಹಿಂದೂಸ್ತಾನಿ ಸಂಗೀತ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬೇರುಬಿಟ್ಟದ್ದರಲ್ಲಿ ಈ ದಾಸೋಹದ ಪಾಲು ದೊಡ್ಡದು.

ಇದು ಇವತ್ತು ನಿನ್ನೆಯ ರೀತಿಯೂ ಅಲ್ಲ. ಹಿರೇಕೆರೂರಿನಿಂದ ಗಡಿ ದಾಟಿದರೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ. ಅಲ್ಲಿನ ಕೇದಾರೇಶ್ವರದ ಕೋಡಿಯ ಮಠದ ಬಗ್ಗೆ 1162ರ ಶಾಸನವೊಂದಿದೆ. ಮಠ ಕಾಳಾಮುಖ ಶೈವರದು, ದತ್ತಿ ಕೊಟ್ಟವರೂ ಆ ಪಂಥದ ಮೇಲೆ ಭಕ್ತಿಯಿಟ್ಟವರೇ. ಆದರೆ ಅಲ್ಲಿ ಅನ್ನ ಸಿಗುವವರ ಪಟ್ಟಿಯಲ್ಲಿ ಕುಂಟರು, ಕುರುಡರು, ಕಿವುಡರು, ಹಾಡುವವರು, ಜೈನ ಕ್ಷಪಣಕರು, ದೇಶಾಂತರದ ಭಿಕ್ಷುಕರು ಎಲ್ಲರೂ ಬರುತ್ತಾರೆ. ರೋಗಿಗಳಿಗೆ ಅಲ್ಲಿ ಔಷಧ, ಭಯಬಿದ್ದವರಿಗೆ ಅಭಯ. ಹೊರಗಿನ ಲೋಕದಲ್ಲೂ ಇದೇ ಮಾದರಿ ಇದೆ. ಬಾಗ್ದಾದಿನಿಂದ ಮುಂಬೈಗೆ ಬಂದು ನೆಲೆಸಿದ ಡೇವಿಡ್ ಸಸೂನ್ ಎಂಬ ಯಹೂದಿ ವ್ಯಾಪಾರಿ ಪುಣೆಯಲ್ಲಿ ತನ್ನ ಜನರಿಗೆ ಪ್ರಾರ್ಥನಾ ಮಂದಿರವನ್ನೂ ಊರಿನವರಿಗೆ ಆಸ್ಪತ್ರೆಯನ್ನೂ ಕಟ್ಟಿಸಲು ದುಡ್ಡು ಕೊಟ್ಟ. ಎರಡೂ ಪೂರ್ತಿಯಾದದ್ದು ಅವನು ತೀರಿಕೊಂಡ ಮೇಲೆ, 1867ರಲ್ಲಿ. ಮಂದಿರ ಅವನ ಸಣ್ಣ ಸಮುದಾಯದ್ದಾಗಿಯೇ ಉಳಿಯಿತು. ಆಸ್ಪತ್ರೆಗೆ ಇಂದಿಗೂ ಹೋಗುವವರು ಪುಣೆಯ ಬಡವರು. ಎರಡನ್ನೂ ಕೊಟ್ಟವನನ್ನು ಮೊದಲನೆಯದಕ್ಕಾಗಿ ಯಾರಾದರೂ ದೂರಿದ್ದಾರೆಯೇ?

ಸ್ವಂತ ದುಡ್ಡಿಗೂ ಊರಿನ ದುಡ್ಡಿಗೂ ಇರುವ ಭೇದವನ್ನು ಕಾನೂನು ಕೂಡ ಗಮನಿಸಿದೆ. 1962ರ ಏಪ್ರಿಲ್ 1ರ ನಂತರ ಹುಟ್ಟಿದ ಧರ್ಮಾರ್ಥ ಟ್ರಸ್ಟು ಒಂದೇ ಜಾತಿಯ ಅಥವಾ ಒಂದೇ ಧರ್ಮದವರ ಒಳಿತಿಗೆಂದು ನಿಂತಿದ್ದರೆ ಅದಕ್ಕೆ ತೆರಿಗೆ ವಿನಾಯಿತಿ ಇಲ್ಲ ಎಂದು 1961ರ ಆದಾಯ ತೆರಿಗೆ ಕಾಯ್ದೆಯ 13ನೇ ಕಲಮು ಹೇಳಿತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಹೆಂಗಸರು ಮತ್ತು ಮಕ್ಕಳಿಗಾಗಿ ಇರುವ ಟ್ರಸ್ಟುಗಳಿಗೆ ಈ ನಿರ್ಬಂಧ ಅನ್ವಯಿಸದು ಎಂದೂ ಅದೇ ಕಲಮು ಸೇರಿಸಿತು. ಇದರ ಹಿಂದಿರುವ ಯೋಚನೆ ಸರಳ. ನಿಮ್ಮ ದುಡ್ಡನ್ನು ನಿಮ್ಮವರಿಗೆ ಕೊಡಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ತೆರಿಗೆ ಬಿಟ್ಟುಕೊಡುವುದೆಂದರೆ ಊರಿನ ದುಡ್ಡು ಬಿಟ್ಟುಕೊಟ್ಟಂತೆ, ಆಗ ಬಾಗಿಲು ಊರಿಗೆಲ್ಲ ತೆರೆದಿರಬೇಕು.

ತೆರಿಗೆ ಬಿಟ್ಟುಕೊಡುವುದಕ್ಕೇ ಇಷ್ಟು ಯೋಚಿಸಿದ ಪ್ರಭುತ್ವ, ಖಜಾನೆಯಿಂದ ನೇರವಾಗಿ ತೆಗೆದುಕೊಡುವಾಗ ಏನನ್ನೂ ಯೋಚಿಸಲಿಲ್ಲ. 2020ರ ನವೆಂಬರಿನಲ್ಲಿ ಬಸವಕಲ್ಯಾಣದ ಉಪಚುನಾವಣೆ ಕಣ್ಣಮುಂದಿತ್ತು. ಮರಾಠಾ ಅಭಿವೃದ್ಧಿ ಪ್ರಾಧಿಕಾರಕ್ಕೆ 50 ಕೋಟಿ ಎಂದು ಘೋಷಣೆಯಾಯಿತು. ಕೆಲವೇ ದಿನಗಳಲ್ಲಿ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮ ಬಂತು, 500 ಕೋಟಿಯ ಮಾತು ಬಂತು. ಮುಂದಿನ ಬಜೆಟ್ಟಿನಲ್ಲಿ ಒಕ್ಕಲಿಗರ ನಿಗಮಕ್ಕೂ 500 ಕೋಟಿ. ಸಂಖ್ಯೆಯಲ್ಲಿ, ಭೂಮಿಯಲ್ಲಿ, ವಿಧಾನಸಭೆಯ ಕುರ್ಚಿಗಳಲ್ಲಿ ರಾಜ್ಯದ ಅತ್ಯಂತ ಬಲಿಷ್ಠ ಸಮುದಾಯಗಳಿಗೆ ರಾಜ್ಯದ ಎಲ್ಲರ ತೆರಿಗೆಯಿಂದ ಎತ್ತಿಟ್ಟ ಹಣ ಇದು. ಲಿಂಗರಾಜ ದೇಸಾಯರು ತಮ್ಮ ಗದ್ದೆ, ತಮ್ಮ ವಾಡೆ ಕೊಟ್ಟು ಮಾಡಿದ ಕೆಲಸವನ್ನು ಮಂತ್ರಿಗಳು ಬೇರೆಯವರ ದುಡ್ಡಿನಲ್ಲಿ ಮಾಡಿ ದಾನಿಗಳಂತೆ ಹಾರ ಹಾಕಿಸಿಕೊಂಡರು.

ಹಾಗೆ ಕೊಡುವುದರಿಂದ ಕೊಡಿಸಿಕೊಂಡವರಿಗೂ ಒಳ್ಳೆಯದಾಗಲಿಲ್ಲ. 2022ರ ಏಪ್ರಿಲ್‌ನಲ್ಲಿ ದಿಂಗಾಲೇಶ್ವರ ಸ್ವಾಮೀಜಿ ಮಠಗಳ ಅನುದಾನಕ್ಕೂ 30 ಪರ್ಸೆಂಟ್ ಕಮಿಷನ್ ಕೊಡಬೇಕಾಗಿದೆ ಎಂದು ಬಹಿರಂಗವಾಗಿ ಆರೋಪಿಸಿದರು. ಆಗ ಮುಖ್ಯಮಂತ್ರಿಯಾಗಿದ್ದವರು ಶಿಗ್ಗಾವಿಯ ಶಾಸಕರೇ ಆದ ಬಸವರಾಜ ಬೊಮ್ಮಾಯಿ. ಪುರಾವೆ ಕೊಟ್ಟರೆ ತನಿಖೆ ಮಾಡಿಸುತ್ತೇವೆ ಎಂದರು. ಆರೋಪದ ನಿಜಸುಳ್ಳು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಆದರೆ ಒಬ್ಬ ಮಠಾಧೀಶರು ತಮ್ಮ ಮಠದ ಹಣಕ್ಕಾಗಿ ಅಧಿಕಾರಿಯ ಮುಂದೆ ನಿಲ್ಲಬೇಕಾದ ಸ್ಥಿತಿ ನನ್ನನ್ನು ಚುಚ್ಚುತ್ತದೆ. ಹಾನಗಲ್ಲ ಕುಮಾರ ಸ್ವಾಮಿಗಳು ಭಕ್ತರ ಮನೆ ಬಾಗಿಲಿಗೆ ಹೋದರು. ಭಕ್ತ ಕೊಡದಿದ್ದರೆ ಮುಂದಿನ ಮನೆ ಇತ್ತು. ಅನುದಾನಕ್ಕೆ ಕಾದು ಕೂತ ಮಠಕ್ಕೆ ಮುಂದಿನ ಮನೆ ಇಲ್ಲ, ಅದಕ್ಕೆ ಆಳುವವನ ಮುಖವೇ ಗತಿ. ಸರ್ಕಾರಕ್ಕೆ ಬುದ್ಧಿ ಹೇಳಬೇಕಾದ ಬಾಯಿಯನ್ನು ಇಷ್ಟು ಅಗ್ಗಕ್ಕೆ ಕಟ್ಟಿಹಾಕಬಹುದು ಎಂದು ನಮ್ಮ ರಾಜಕಾರಣಿಗಳು ಕಂಡುಕೊಂಡಿದ್ದಾರೆ. ಈ ನಂಟಿನಲ್ಲಿ ಆಳುವವರ ಬಾಯಿಯೂ ಕಟ್ಟಿಹೋಗುತ್ತದೆ. 2021ರ ಡಿಸೆಂಬರಿನಲ್ಲಿ ಬಿಸಿಯೂಟದಲ್ಲಿ ಮೊಟ್ಟೆ ಬೇಡವೆಂದು ಕೆಲವು ಮಠಾಧೀಶರು ಎದ್ದರು. ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ನಮಗೆ ಮೊಟ್ಟೆ ಬೇಕು ಎಂದು ಗಟ್ಟಿಯಾಗಿ ಹೇಳಿದಳು. ಆ ಹುಡುಗಿಗಿದ್ದ ಧೈರ್ಯ ಆಗ ನಮ್ಮ ಜನಪ್ರತಿನಿಧಿಗಳಲ್ಲಿ ಎಷ್ಟು ಜನಕ್ಕಿತ್ತು?

ಇನ್ನು ವಕ್ಫ್. ಅದೂ ಮೂಲತಃ ಒಂದು ಮನೆತನ ತನ್ನ ಆಸ್ತಿಯನ್ನು ದೇವರ ಹೆಸರಲ್ಲಿ ಬಿಟ್ಟುಕೊಡುವ ದಾನವೇ. 2024ರ ಅಕ್ಟೋಬರ್ 30ರ ರಾತ್ರಿ ಸವಣೂರು ತಾಲ್ಲೂಕಿನ ಕಡಕೋಳದಲ್ಲಿ ಊರಿನ ಆಸ್ತಿ ವಕ್ಫ್ ಹೆಸರಿಗೆ ಹೋಗುತ್ತದೆ ಎಂಬ ಸುದ್ದಿ ಹಬ್ಬಿ ಮುಸ್ಲಿಮರ ಮನೆಗಳ ಮೇಲೆ ಕಲ್ಲು ಬಿದ್ದವು. ಶಿಗ್ಗಾವಿ ಉಪಚುನಾವಣೆಗೆ ಎರಡು ವಾರ ಬಾಕಿ ಇತ್ತು. ತಲೆಮಾರುಗಳಿಂದ ಉಳುತ್ತಿದ್ದ ರೈತನ ಪಹಣಿಯ 11ನೇ ಕಾಲಂನಲ್ಲಿ ಒಂದು ದಿನ ವಕ್ಫ್ ಎಂದು ಕಂಡರೆ ಅವನು ಹೆದರುವುದು ಸಹಜ. ರೈತರಿಗೆ ಕೊಟ್ಟ ನೋಟಿಸು ವಾಪಸ್ ಪಡೆಯಿರಿ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಬೇಕಾಯಿತು. ಆದರೆ ಆ ರೈತನ ಭಯಕ್ಕೂ ಕಡಕೋಳದ ಬಡ ಮುಸ್ಲಿಮನ ಹೆಂಚಿಗೂ ಏನು ಸಂಬಂಧ? ದಾಖಲೆ ಸರಿಯಿಡದವರು ಕಚೇರಿಗಳಲ್ಲಿದ್ದರು, ಕಲ್ಲು ಬಿದ್ದದ್ದು ಮನೆಗಳ ಮೇಲೆ. ಮಠದ ಅನುದಾನಕ್ಕೆ ಕೈಯೆತ್ತಿದವರೇ ವಕ್ಫ್ ಲೆಕ್ಕ ಕೇಳಿ ಕೂಗಿದರು. ವಕ್ಫ್ ಪರ ನಿಂತವರು ವಕ್ಫ್ ಭೂಮಿ ಯಾರ ಕೈಸೇರಿದೆ ಎಂದು ತಮ್ಮವರನ್ನೇ ಕೇಳಲಿಲ್ಲ. ಎರಡು ಕಡೆಯವರೂ ಕೇಳಬೇಕಾದ ಪ್ರಶ್ನೆ ಒಂದೇ ಆಗಿತ್ತು: ಕೊಟ್ಟವನು ಯಾರಿಗೆಂದು ಕೊಟ್ಟನೋ ಅವರಿಗೆ ತಲುಪಿತೇ?

2025ರ ವಕ್ಫ್ ತಿದ್ದುಪಡಿ ಈ ಪ್ರಶ್ನೆಯನ್ನು ಬಿಟ್ಟು ಇನ್ನೊಂದರ ಬೆನ್ನುಹತ್ತಿತು. 2013ರಿಂದ ಯಾರು ಬೇಕಾದರೂ ವಕ್ಫ್ ಮಾಡಬಹುದಿತ್ತು. ಹೊಸ ಕಾಯ್ದೆ ಅದನ್ನು ಕನಿಷ್ಠ ಐದು ವರ್ಷ ಇಸ್ಲಾಂ ಆಚರಿಸಿದವರಿಗೆ ಸೀಮಿತ ಮಾಡಿತು. ಐದು ವರ್ಷದ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 15ರ ಮಧ್ಯಂತರ ಆದೇಶದಲ್ಲಿ ತಡೆಯಿತು. ಆದರೂ ಹಿಂದೂ ಒಬ್ಬ ದರ್ಗಾಕ್ಕೆ ವಕ್ಫ್ ಆಗಿ ಜಮೀನು ಬಿಡುವ ದಾರಿ ಮುಚ್ಚಿತು. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ ಕಳಸದ ಗೋವಿಂದ ಭಟ್ಟರ ಶಿಷ್ಯ ಶರೀಫರ ಗದ್ದುಗೆಗೆ ಎರಡೂ ಧರ್ಮದವರು ನಡೆದುಕೊಳ್ಳುತ್ತಾರೆ. ಸವಣೂರಿನಲ್ಲಿ ಉತ್ತರಾದಿ ಮಠದ ಸತ್ಯಬೋಧ ತೀರ್ಥರ ವೃಂದಾವನವಿದೆ, ಅವರಿಗೆ ನವಾಬರು ನಡೆದುಕೊಂಡ ಕಥೆಯನ್ನು ಊರಿನ ಹಿರಿಯರು ಇಂದಿಗೂ ಹೇಳುತ್ತಾರೆ. ಈ ಸೀಮೆಯ ದಾನಿಗಳು ಯಾವ ಬಾಗಿಲಿಗೆ ಕೊಡಬೇಕು ಎಂದು ದೆಹಲಿ ತೀರ್ಮಾನಿಸುವುದು ನನಗೆ ಸರಿ ಕಾಣುವುದಿಲ್ಲ.

ನನ್ನ ವಾದಕ್ಕೆ ಬಲವಾದ ಎದುರುವಾದ ಒಂದಿದೆ. ಲಿಂಗಾಯತರಿಗೆ ದೇಸಾಯಿ ಇದ್ದ, ಯಹೂದಿಗಳಿಗೆ ಸಸೂನ್ ಇದ್ದ, ಯಾರೂ ಇಲ್ಲದ ಸಮುದಾಯಗಳ ಗತಿಯೇನು? ಇದಕ್ಕೂ ಸವಣೂರೇ ಉತ್ತರ ಹೇಳಬೇಕು. 2010ರ ಜುಲೈನಲ್ಲಿ ಅಲ್ಲಿನ ಪುರಸಭೆಯ ಎದುರು ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡರು. ತಲೆಮಾರುಗಳ ಕಾಲ ಊರಿನ ಮಲ ಹೊತ್ತ ಜನ. ಅವರು ವಾಸವಿದ್ದ ಜಾಗದಲ್ಲಿ ವಾಣಿಜ್ಯ ಮಳಿಗೆ ಕಟ್ಟಬೇಕು, ಏಳಿ ಎಂದು ಪುರಸಭೆ ಒತ್ತಾಯಿಸುತ್ತಿತ್ತು. ಬೇರೆ ಯಾವ ಭಾಷೆಯಲ್ಲಿ ಹೇಳಿದರೂ ಕೇಳದಿದ್ದಾಗ ಅವರು ಹೀಗೆ ಹೇಳಿದರು. ಆ ದಿನ ಟಿವಿಯಲ್ಲಿ ನೋಡಿ ರಾಜ್ಯ ತಲೆತಗ್ಗಿಸಿತು. ಅವರಿಗೆ ಮಠ ಇರಲಿಲ್ಲ, ನಿಗಮದ ಹೆಸರಲ್ಲಿ ಕೂಗುವ ಶಾಸಕ ಇರಲಿಲ್ಲ, ಶಿಲಾನ್ಯಾಸಕ್ಕೆ ಬರುವ ಮಂತ್ರಿ ಇರಲಿಲ್ಲ. ಸರ್ಕಾರದ ದುಡ್ಡು ಮೊದಲು ಹೋಗಬೇಕಾದದ್ದು ಇಲ್ಲಿಗೆ, ಸಂವಿಧಾನದ 15(4)ನೇ ವಿಧಿ ಅದಕ್ಕೆ ದಾರಿ ಮಾಡಿದೆ. ದಾನಿಗಳಿಲ್ಲದವರ ಹೆಸರು ಹೇಳಿ ದಾನಿಗಳಿರುವ ಸಮುದಾಯಗಳಿಗೆ ನಿಗಮ ಮಾಡಿಕೊಂಡದ್ದನ್ನು ನಾನು ಅನ್ಯಾಯ ಎನ್ನುತ್ತೇನೆ. ಎಲ್ಲರಿಗೂ ಒಂದೊಂದು ನಿಗಮ ಕೊಟ್ಟಾಗ ಭಂಗಿ ಕೇರಿಗೂ ದೇಸಾಯರ ವಾಡೆಗೂ ಒಂದೇ ಅಳತೆ ಬಂತು, ಸಾಮಾಜಿಕ ನ್ಯಾಯಕ್ಕೆ ಅರ್ಥವೇ ಉಳಿಯಲಿಲ್ಲ.

ಮಠಗಳು ಶಾಲೆ ನಡೆಸುತ್ತವಲ್ಲ ಎಂಬ ಮಾತೂ ಬರುತ್ತದೆ. ನಡೆಸುತ್ತವೆ, ಚೆನ್ನಾಗಿಯೇ. ಬೇರೆ ಅನುದಾನಿತ ಶಾಲೆಗಳಿಗಿರುವ ನಿಯಮದಲ್ಲೇ ಮೇಷ್ಟ್ರ ಸಂಬಳ ಕೊಡಿ, ಪ್ರಸಾದ ನಿಲಯದ ಮಕ್ಕಳ ತಲೆ ಎಣಿಸಿ ಅಕ್ಕಿ ಕೊಡಿ. ಮಗುವಿನ ಲೆಕ್ಕದ ಮೇಲೆ ಕೊಟ್ಟ ದುಡ್ಡು ಮಗುವಿನದು. ಸ್ವಾಮಿಗಳ ಮುಖ ನೋಡಿ ಕೊಟ್ಟದ್ದು ಮುಂದಿನ ಚುನಾವಣೆಯದು.

ಹಾಗಾಗಿ ಈ ನಾಲ್ಕು ತಾಲ್ಲೂಕುಗಳ ಜನಪ್ರತಿನಿಧಿಗಳನ್ನು ಕೇಳುತ್ತೇನೆ. ಕಳೆದ ಹತ್ತು ವರ್ಷದಲ್ಲಿ ಸರ್ಕಾರದ ಖಜಾನೆಯಿಂದ ಯಾವ ಮಠಕ್ಕೆ, ಯಾವ ಮಸೀದಿಗೆ, ಯಾವ ಜಾತಿಯ ಭವನಕ್ಕೆ ಎಷ್ಟು ಹೋಯಿತು, ಕಟ್ಟಡ ಮುಗಿಯಿತೋ, ಅದರ ಬಾಡಿಗೆ ಯಾರಿಗೆ ಹೋಗುತ್ತದೆ, ಬೇರೆ ಜಾತಿಯವರ ಮದುವೆಗೆ ಅದನ್ನು ಕೊಡುತ್ತಾರೋ ಎಂಬ ಪಟ್ಟಿಯನ್ನು ಆಯಾ ತಾಲ್ಲೂಕು ಪಂಚಾಯ್ತಿಯ ಗೋಡೆಗೆ ಅಂಟಿಸಿ. ಊರಿನ ಶ್ರೀಮಂತ ಮನೆತನಗಳು ತಮ್ಮ ಮಠಕ್ಕೆ, ತಮ್ಮ ದರ್ಗಾಕ್ಕೆ, ತಮ್ಮ ಬೋರ್ಡಿಂಗಿಗೆ ಕೊಡುವುದನ್ನು ಯಾರೂ ತಡೆಯಬೇಡಿ, ಇನ್ನಷ್ಟು ಕೊಡಿ ಎಂದು ಕೇಳಿ. ಇನ್ನು ಮೊಟ್ಟೆ. ಅದಕ್ಕೆ 6 ರೂಪಾಯಿ ನಿಗದಿಯಾಗಿತ್ತು, ಪೇಟೆಯ ದರ ಏರಿದಾಗ ಮುಖ್ಯ ಶಿಕ್ಷಕರು ತಮ್ಮ ಜೇಬಿನಿಂದ ತುಂಬಿಸಿದ್ದಾರೆ. ಪ್ರೇಮ್‌ಜಿ ಪ್ರತಿಷ್ಠಾನದ ಒಪ್ಪಂದ ಮೂರು ವರ್ಷದ್ದು. ಅದು ಮುಗಿಯುವ ಮೊದಲೇ ಆರೂ ದಿನದ ಮೊಟ್ಟೆಯ ಖರ್ಚು, ಪೇಟೆಯ ದರದಲ್ಲಿ, ರಾಜ್ಯದ ಬಜೆಟ್ಟಿನಲ್ಲಿ ಬರಬೇಕು. ದುಡ್ಡೆಲ್ಲಿ ಎಂದು ಹಣಕಾಸು ಇಲಾಖೆ ಕೇಳಿದರೆ ಬಲಿಷ್ಠ ಸಮುದಾಯಗಳ ನಿಗಮಗಳಿಗೆ ಎತ್ತಿಟ್ಟ ಕೋಟಿಗಳನ್ನು ತೋರಿಸಿ.