ಧಕ್ಕೆಗೆ ಧಕ್ಕೆಯಾಗದಿರಲಿ

ಮಂಗಳೂರು ಹಂಚು ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಅಜ್ಜಿಮನೆ, ಮಳೆ, ಮಾಡಿನಿಂದ ಇಳಿಯೋ ನೀರು. ಆದರೆ ಆ ಹಂಚು ದೋಣಿ ಹತ್ತಿದ ಜಾಗ ಯಾವುದು ಅಂತ ಕೇಳಿ ನೋಡಿ, ಮಂಗಳೂರಿನವರೇ ತಲೆ ಕೆರೆದುಕೊಳ್ತಾರೆ!

ಸರಕು ಇಳಿಸಿ ಹತ್ತಿಸುವ ಕಟ್ಟೆಗೆ ನಮ್ಮ ಕಡೆ ಧಕ್ಕೆ ಅಂತಾರೆ. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದಾಗ ನೇತ್ರಾವತಿಯ ದಡವನ್ನು ಆರಿಸಿಕೊಂಡದ್ದು ಚಂದಕ್ಕಲ್ಲ. ಆವೆಮಣ್ಣು ಬರುತ್ತಿದ್ದುದು ದೋಣಿಯಲ್ಲಿ, ಸೌದೆ ಬರುತ್ತಿದ್ದುದು ದೋಣಿಯಲ್ಲಿ, ಸುಟ್ಟ ಹಂಚು ಬಂದರಿಗೆ ಹೋಗುತ್ತಿದ್ದುದೂ ದೋಣಿಯಲ್ಲೇ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅಲ್ಲಿಯವರೆಗೆ ಹೊಳೆಯೇ ಹೆದ್ದಾರಿ. ಒಂದರ ಹಿಂದೊಂದು ಕಾರ್ಖಾನೆಗಳು ಎದ್ದವು, ಹಂಚು ಕಡಲು ದಾಟಿ ಹೋಯಿತು.

ಆಮೇಲೆ ತಾರಸಿ ಮನೆಗಳು ಬಂದವು. ಮಣ್ಣು, ಸೌದೆ ಎರಡೂ ತುಟ್ಟಿಯಾದವು. 1970ರ ದಶಕದಲ್ಲಿ ದೊಡ್ಡ ಹಡಗುಗಳು ಪಣಂಬೂರಿನ ಹೊಸ ಬಂದರಿಗೆ ಹೋದವು. ಈಗ ಹೊಳೆಯ ಬದಿ ನಡೆದರೆ ಅಲ್ಲೊಂದು ಇಲ್ಲೊಂದು ಚಿಮಣಿ, ಪಾಚಿ ಕಟ್ಟಿದ ಕೆಂಪುಕಲ್ಲಿನ ಗೋಡೆ, ಕಾಲಿಗೆ ಸಿಗುವ ಹಂಚಿನ ಚೂರು.

ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಇದೇ ದಡಕ್ಕೆ ವಾಕಿಂಗ್ ಪಥದ ಕನಸೂ ಬಂತು. ಒಳ್ಳೇದೇ, ಜನ ಹೊಳೆ ನೋಡಲಿ. ನನ್ನ ತಕರಾರು ಒಂದೇ. ಪಾಳುಗೋಡೆ ಅಂತ ಎಲ್ಲ ಕೆಡವಿ, ಅದರ ಮೇಲೆ ಸಿಮೆಂಟ್ ಬೆಂಚು ಹಾಕಿ ನಿಲ್ಲಿಸಬೇಡಿ.

"ಹಳೇ ಕಲ್ಲು ಇಟ್ಕೊಂಡು ಏನ್ಮಾಡ್ತೀರಿ ಮಾರಾಯ್ರೆ? ಜಾಗಕ್ಕೆ ರೇಟ್ ಎಷ್ಟಿದೆ ಗೊತ್ತುಂಟಾ?" ಅನ್ನೋರಿದ್ದಾರೆ. ಗೊತ್ತುಂಟು. ಇಡೀ ಕಾರ್ಖಾನೆ ಉಳಿಸಿ ಅಂತ ನಾನು ಕೇಳ್ತಾ ಇಲ್ಲ. ಒಂದು ಚಿಮಣಿ, ನೀರಿಗಿಳಿಯುವ ನಾಲ್ಕು ಮೆಟ್ಟಿಲು, ಪಕ್ಕದಲ್ಲಿ ಕನ್ನಡದಲ್ಲೊಂದು ಫಲಕ. ಅಷ್ಟು ಸಾಕು.

ಯಾಕಂದ್ರೆ ಹಂಚಿನ ನೆನಪಿಗೇನೂ ಕುತ್ತಿಲ್ಲ. ರೆಸಾರ್ಟಿನವರು ಹಳೇ ಹಂಚನ್ನು ಹುಡುಕಿ ಕೊಂಡುಹೋಗಿ ಮಾಡಿಗೆ ಹೊದಿಸ್ತಾರೆ. ಹಂಚಿನ ಬೆನ್ನ ಮೇಲೆ ಕಂಪೆನಿಯ ಹೆಸರೂ ಅಚ್ಚಾಗಿದೆ. ಅದನ್ನು ತಲೆಯ ಮೇಲೆ ಹೊತ್ತ ಹೆಂಗಸರ ಹೆಸರು ಮಾತ್ರ ಎಲ್ಲೂ ಅಚ್ಚಾಗಿಲ್ಲ. ಆ ಕಾರ್ಖಾನೆಗಳಲ್ಲಿ ದುಡಿದವರಲ್ಲಿ ಹೆಂಗಸರು ಕಮ್ಮಿಯೇನಲ್ಲ. ಅವರ ಪಾಲಿಗೆ ಉಳಿದಿರೋ ಗುರುತು ಅಂದ್ರೆ ಈ ದಡ, ಈ ಗೋಡೆ. ಅದನ್ನೂ ಒರೆಸಿಬಿಟ್ಟರೆ ನಮಗೆ ಅಜ್ಜಿಮನೆಯ ಮಾಡು ಉಳಿಯುತ್ತೆ, ಅದನ್ನು ಮಾಡಿದವರು ಉಳಿಯೋದಿಲ್ಲ.

ನಿಮ್ಮೂರಿನ ಹೊಳೆ ಬದಿಯಲ್ಲೂ ಇಂಥ ಧಕ್ಕೆಯೋ ಗೋದಾಮೋ ಇದ್ದರೆ ಒಂದು ಫೋಟೋ ತೆಗೆದಿಡಿ, ನಾಲ್ಕು ಸಾಲು ಬರೆದಿಡಿ. ಅಲ್ಲಿ ಕೆಲಸ ಮಾಡಿದ ಅಜ್ಜಿಯರು ಯಾರಾದ್ರೂ ಇದ್ದರೆ ಮೊದಲು ಅವರನ್ನು ಮಾತಾಡಿಸಿ. ಗೋಡೆ ಇನ್ನೊಂದೆರಡು ಮಳೆಗಾಲ ಕಾದೀತು, ಅವರು ಕಾಯೋದು ಕಷ್ಟ.