ಮೊದಲು ತೂಕ ಕೇಳಿ, ಆಮೇಲೆ ಬೆಲೆ

ಎಂಥ ಬುದ್ಧಿವಂತರೂ ಗಾಡಿ ಕೊಳ್ಳುವಾಗ ದಡ್ಡರಾಗುತ್ತಾರೆ ಎಂಬುದು ನನ್ನ ಬಹುದಿನದ ಅಭಿಪ್ರಾಯ. ಅದನ್ನು ರುಜುವಾತು ಮಾಡಿದವನು ಬೇರೆ ಯಾರೂ ಅಲ್ಲ, ನನ್ನ ಒಡಹುಟ್ಟಿದ ಅಣ್ಣ.

2023ರ ಬೇಸಿಗೆ ರಜೆಯಲ್ಲಿ ಕ್ಯಾಲಿಫೋರ್ನಿಯಾದ ಅವನ ಮನೆಗೆ ಹೋಗಿದ್ದೆ. ಮೂವತ್ತು ವರ್ಷ ಎಂಜಿನಿಯರಾಗಿ ದುಡಿದು ನಿವೃತ್ತನಾದ ಅಣ್ಣ ಒಂದು ಮೋಟಾರ್‌ಹೋಮ್ ಕೊಂಡಿದ್ದ. ಅಡಿಗೆಮನೆ, ಹಾಸಿಗೆ, ಬಚ್ಚಲು ಎಲ್ಲವೂ ಒಳಗೇ ಇರುವ ಚಕ್ರದ ಮನೆ ಅದು. ಹೋದ ಊರಿನ ಸಣ್ಣ ರಸ್ತೆಗಳಲ್ಲಿ ಸುತ್ತಲು ಅದು ಒಗ್ಗದು. ಆದ್ದರಿಂದ ಅವನ ಹೋಂಡಾ ಗೋಲ್ಡ್‌ವಿಂಗ್ ಬೈಕೂ ಜೊತೆಗೆ ಬರಬೇಕು. ಅದಕ್ಕೊಂದು ಟ್ರೇಲರ್ ಕೊಳ್ಳುವುದೋ, ಮೋಟಾರ್‌ಹೋಮಿನ ಬೆನ್ನಿಗೇ ಸಿಕ್ಕಿಸುವ ಕಬ್ಬಿಣದ ಸ್ಟ್ಯಾಂಡ್ ಕೊಳ್ಳುವುದೋ ಎಂಬ ಚರ್ಚೆ ಮನೆಯಲ್ಲಿ ನಡೆದಿತ್ತು. ಅಂಗಡಿಯವನು ಸ್ಟ್ಯಾಂಡೇ ಸಾಕು ಎಂದಿದ್ದನಂತೆ. ಬೆಲೆ ಕಡಿಮೆ, ರಿವರ್ಸ್ ಹೋಗುವಾಗ ತಲೆನೋವಿಲ್ಲ.

"ಅಣ್ಣ, ಬೈಕಿನ ತೂಕ ಎಷ್ಟು?" ಎಂದು ಕೇಳಿದೆ.

"ಇತಿಹಾಸ ಪಾಠ ಮಾಡೋಳಿಗೆ ಅದೆಲ್ಲ ಯಾಕೆ ಕಣೇ?" ಎಂದು ನಕ್ಕ.

ನಾನು ಬಿ.ಎ., ಬಿ.ಎಡ್. ನಿಜ. ಆದರೆ ಕೂಡುವ ಲೆಕ್ಕಕ್ಕೆ ಎಂಜಿನಿಯರಿಂಗ್ ಬೇಕೆ? ಗಾಡಿಯ ಹಿಂದೆ ಬಗ್ಗಿ ನೋಡಿದೆ. ಹಿಚ್ಚಿನ ಮೇಲೆಯೇ ಬರೆದಿತ್ತು: ಎಳೆಯಬಹುದಾದ ಭಾರ 5,000 ಪೌಂಡ್, ಹಿಚ್ಚಿನ ಮೇಲೆ ಕೂರಬಹುದಾದ ಭಾರ 500 ಪೌಂಡ್. ಎಂದರೆ ಸುಮಾರು 227 ಕಿಲೋ. ಅಣ್ಣನ ಬೈಕು 830 ಪೌಂಡ್, ಸ್ಟ್ಯಾಂಡು 150. ಒಟ್ಟು 980. ಮಿತಿಯ ಹೆಚ್ಚುಕಡಿಮೆ ಎರಡರಷ್ಟು! ಇಷ್ಟನ್ನು ಕೂಡಿ ನೋಡುವ ವ್ಯವಧಾನ ಮಾರುವವನಿಗೂ ಇರಲಿಲ್ಲ, ಕೊಳ್ಳುವವನಿಗೂ ಇರಲಿಲ್ಲ.

ಅದೇ ಬೈಕನ್ನು 650 ಪೌಂಡಿನ ಟ್ರೇಲರಿಗೆ ಏರಿಸಿದರೆ ಒಟ್ಟು 1,480. ಅದರಲ್ಲಿ ಹಿಚ್ಚಿನ ಮೇಲೆ ಕೂರಬೇಕಾದದ್ದು ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮಾತ್ರ, ಎಂದರೆ 150ರಿಂದ 220 ಪೌಂಡ್. ಉಳಿದ ಭಾರವನ್ನು ಟ್ರೇಲರಿನ ಚಕ್ರಗಳೇ ಹೊರುತ್ತವೆ.

ಸ್ಟ್ಯಾಂಡಿನ ಕೇಡು ಇಷ್ಟಕ್ಕೇ ಮುಗಿಯುವುದಿಲ್ಲ. ಹಿಂದಿನ ಅಚ್ಚಿನಿಂದ ಅಷ್ಟು ದೂರದಲ್ಲಿ ಭಾರ ನೇತುಬಿದ್ದರೆ ಮುಂದಿನ ಚಕ್ರಗಳು ಹಗುರಾಗುತ್ತವೆ. ಸ್ಟೀರಿಂಗ್ ತಿರುಗಿಸುವುದು ಆ ಚಕ್ರಗಳನ್ನೇ ತಾನೆ? ಮಂಡ್ಯದ ಕಡೆ ಕಬ್ಬು ತುಂಬಿದ ಟ್ರಾಕ್ಟರು ದಿಣ್ಣೆ ಹತ್ತುವಾಗ ಮುಂಗಾಲೆತ್ತುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

"ಅಪ್ಪ ಗಾಡಿಗೆ ಗೊಬ್ಬರ ತುಂಬುತ್ತಿದ್ದದ್ದು ಮರೆತೆಯಾ?" ಎಂದೆ. ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೆದ್ದು ಎತ್ತಿನ ಕುತ್ತಿಗೆ ಬಿಗಿಯುತ್ತದೆ, ಮುಂದೆ ಹೆಚ್ಚಾದರೆ ನೊಗ ಕುತ್ತಿಗೆಯನ್ನು ಒತ್ತುತ್ತದೆ. ಟ್ರೇಲರಿಗೂ ಇದೇ ನ್ಯಾಯ. ಬೈಕು ಅಚ್ಚಿಗಿಂತ ತುಸು ಮುಂದೆ ನಿಲ್ಲಬೇಕು. ಹಿಂದೆ ಸರಿದರೆ ವೇಗ ಏರಿದಂತೆ ಟ್ರೇಲರ್ ಹಾವಿನ ಹಾಗೆ ಆಡತೊಡಗುತ್ತದೆ. ಅಣ್ಣ ಮಾತಾಡಲಿಲ್ಲ.

ಸ್ಟ್ಯಾಂಡಿನ ಪರ ವಾದಿಸುವವರ ಮಾತಿನಲ್ಲೂ ಹುರುಳಿದೆ, ಇಲ್ಲವೆನ್ನಲಾರೆ. 250 ಪೌಂಡಿನ ಹಗುರ ಬೈಕಾದರೆ ಸ್ಟ್ಯಾಂಡೂ ಸೇರಿ ಮಿತಿಯೊಳಗೇ ಇರುತ್ತದೆ, ಧಾರಾಳವಾಗಿ ಒಯ್ಯಲಿ. ಟ್ರೇಲರ್ ಕಟ್ಟಿ ರಿವರ್ಸ್ ಹೋಗುವುದು ಕಷ್ಟವೆಂಬುದೂ ನಿಜ. ಅಗಲ ಕಡಿಮೆಯ ಟ್ರೇಲರ್ ನೇರವಾಗಿದ್ದಾಗ ಕನ್ನಡಿಯಲ್ಲಿ ಕಾಣುವುದೇ ಇಲ್ಲ, ಕಾಣುವ ಹೊತ್ತಿಗೆ ಮಡಚಿಕೊಂಡಿರುತ್ತದೆ. ಅದಕ್ಕೆ ಹಿಂದೊಂದು ಕ್ಯಾಮೆರಾ ಹಾಕಿಸಿ, ಖಾಲಿ ಮೈದಾನದಲ್ಲಿ ಒಂದು ದಿನ ಅಭ್ಯಾಸ ಮಾಡಿದರಾಯಿತು. ಕಲಿಯಲು ಬೇಸರವೆಂದು ಅಪಾಯವನ್ನು ಆರಿಸಿಕೊಳ್ಳುವುದು ಯಾವ ಜಾಣತನ?

ಇನ್ನು ಆಡಂಬರದವರಿಗೂ ಒಂದು ಮಾತು. ಒಂದೇ ಬೈಕಿಗೆ ಎತ್ತರದ ಮುಚ್ಚಿದ ಪೆಟ್ಟಿಗೆಯೇಕೆ? ಮಳೆ, ಕಳ್ಳರಿಂದ ರಕ್ಷಣೆಯೇನೋ ಸಿಗುತ್ತದೆ. ಆದರೆ ತೂಕ ಹೆಚ್ಚು, ಅಡ್ಡಗಾಳಿಯ ಹೊಡೆತವೂ ಹೆಚ್ಚು. ಅಮೆರಿಕದ ಅನೇಕ ರಾಜ್ಯಗಳಲ್ಲಿ 3,000 ಪೌಂಡ್ ದಾಟಿದ ಟ್ರೇಲರಿಗೆ ಅದರದೇ ಬ್ರೇಕ್ ಕಡ್ಡಾಯ. ಅರವತ್ತು ದಾಟಿದವರಿಗೆ ನೆಲದ ಮಟ್ಟಕ್ಕೆ ಇಳಿಯುವ ತೆರೆದ ಟ್ರೇಲರೇ ಲೇಸು. ಕಡಿದಾದ ಹಲಗೆಯ ಮೇಲೆ ಅಷ್ಟು ಭಾರದ ಬೈಕನ್ನು ಏರಿಸುವ ಸಾಹಸ ತಪ್ಪುತ್ತದೆ. ಮುಂಚಕ್ರವನ್ನು ಕಚ್ಚಿ ಹಿಡಿಯುವ ಕೊಕ್ಕೆ, ನಾಲ್ಕು ಕಡೆ ಬಿಗಿಯುವ ಪಟ್ಟಿ, ಮೂಕಿಯ ಕೆಳಗೆ ಅಡ್ಡಡ್ಡ ಹಾಯುವ ಎರಡು ಸರಪಣಿ, ಒಂದು ಸ್ಟೆಪ್ನಿ ಇವಿಷ್ಟು ಇರಲಿ. ಬಣ್ಣ ಯಾವುದಾದರೇನು?

ಕೊನೆಗೆ ಅಣ್ಣ ನೀರು, ಸಾಮಾನು ಎಲ್ಲ ತುಂಬಿಸಿ ಲಾರಿಗಳ ವೇಬ್ರಿಡ್ಜಿಗೆ ಮೋಟಾರ್‌ಹೋಮನ್ನು ಒಯ್ದ. ಅದರ ಮಿತಿ 14,500 ಪೌಂಡ್. ತೂಗಿದಾಗ ಬಂದದ್ದು 14,100. ಉಳಿದದ್ದು ನಾನೂರು. ಟ್ರೇಲರ್ ಹೊರಿಸುವ ಇನ್ನೂರಕ್ಕೆ ಜಾಗವಿತ್ತು, ಸ್ಟ್ಯಾಂಡಿನ ಸಾವಿರಕ್ಕೆ ಇರಲಿಲ್ಲ. ಚೀಟಿಯನ್ನು ಅತ್ತಿಗೆಯ ಕೈಗೆ ಕೊಟ್ಟು, "ನಿನ್ನ ನಾದಿನಿ ಗೆದ್ದಳು" ಎಂದ.

ಇದರಲ್ಲಿ ಗೆಲುವೇನು ಬಂತು? ಕಾರ್ಖಾನೆಯ ಬಾಗಿಲಲ್ಲಿ ಕಬ್ಬು ಮಾರುವ ನಮ್ಮ ರೈತ ತೂಕದ ಮುಳ್ಳಿನಿಂದ ಕಣ್ಣು ತೆಗೆಯುವುದಿಲ್ಲ, ಅಲ್ಲಿ ಹೋಗುವುದು ಅವನ ದುಡ್ಡು. ರಸ್ತೆಯಲ್ಲಿ ಕೊಂಡಿ ಮುರಿದರೆ ಹೋಗುವುದು ಹಿಂದಿನ ಕಾರಿನಲ್ಲಿ ಶಾಲೆಗೆ ಹೊರಟ ಯಾರದೋ ಮಗು. ಅದಕ್ಕೇ ಹೇಳುತ್ತೇನೆ, ಅಂಗಡಿಯಲ್ಲಿ ಮೊದಲು ಬೆಲೆ ಕೇಳಬೇಡಿ, ತೂಕ ಕೇಳಿ. ಮಾರುವವನು ತಡವರಿಸಿದರೆ ಎದ್ದು ಬನ್ನಿ.