ಜಾತಕ ನೋಡುತ್ತೇವೆ, ಠಾಣೆಯ ದಾಖಲೆ?



ಮಗಳಿಗೆ ಸಂಬಂಧ ಬಂತೆಂದರೆ ಜಾತಕ, ಬಳಿ, ಜಾಗ, ಕೆಲಸ ಎಲ್ಲ ವಿಚಾರಿಸುತ್ತೇವೆ. ಹುಡುಗನ ಮೇಲೆ ಹಿಂದೆ ವರದಕ್ಷಿಣೆ ಕೇಸಿತ್ತೇ ಎಂದು ಕೇಳಲು ಮಾತ್ರ ಸಂಕೋಚ.

ಕೇಳದೆಯೂ ತಿಳಿಯಬಹುದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಮಿನಂತೆ ಬಂಧಿತರ ಹೆಸರು, ವಿಳಾಸ, ಆರೋಪಗಳನ್ನು ಪ್ರತಿ ಠಾಣೆಯಲ್ಲೂ ಎದ್ದು ಕಾಣುವಂತೆ ಪ್ರಕಟಿಸಬೇಕು. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಹಾಕಬೇಕೆಂದು 2016ರಲ್ಲೇ ಸುಪ್ರೀಂ ಕೋರ್ಟ್ ಆದೇಶಿಸಿದೆ. ಲೈಂಗಿಕ ದೌರ್ಜನ್ಯದಂಥ ಪ್ರಕರಣಗಳಿಗೆ ವಿನಾಯಿತಿ ಇದೆ, ಅದು ಸರಿಯೇ. ಬಂಟ್ವಾಳ, ಬೆಳ್ತಂಗಡಿ ಠಾಣೆಗಳು ಜಿಲ್ಲಾ ಪೊಲೀಸರಡಿ ಬರುತ್ತವೆ. ಮೂಡುಬಿದಿರೆ ಮಾತ್ರ ಮಂಗಳೂರು ಕಮಿಷನರೇಟಿಗೆ ಸೇರಿದ್ದು.

ಹಳೆಯ ಕೇಸು ಏನಾಯಿತೆಂದು ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು, ವರ್ಷ ಕೊಟ್ಟು ಹುಡುಕಬಹುದು. ಒಂದೇ ಹೆಸರಿನವರು ಹತ್ತು ಮಂದಿ ಇರುತ್ತಾರೆ, ಊರು, ತಂದೆಯ ಹೆಸರು ತಾಳೆ ನೋಡಿ. ತೀರ್ಪನ್ನೂ ಓದಿಸಿಕೊಳ್ಳಿ. ಎಫ್‌ಐಆರ್ ಎಂದರೆ ಶಿಕ್ಷೆಯಲ್ಲ. ಖುಲಾಸೆಯಾದವನನ್ನು ಅಪರಾಧಿ ಎನ್ನಬಾರದು.

ಆದರೆ ದಾಖಲೆಯೇ ಇಲ್ಲದಿದ್ದರೆ? ಹೊಡೆತ ತಿಂದು ತವರಿಗೆ ಬಂದವಳನ್ನು ನಾಲ್ಕು ಮಂದಿ ಹಿರಿಯರು ಕೂತು 'ರಾಜಿ' ಮಾಡಿಸಿ ವಾಪಸು ಕಳಿಸುತ್ತಾರೆ. ಮನೆತನದ ಮರ್ಯಾದೆ ಉಳಿಯಿತಂತೆ! ಹೊಡೆದವನ ಹೆಸರು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ನಾಳೆ ಇನ್ನೊಂದು ಹೆಣ್ಣು ನೋಡಲು ಹೋದರೆ ಆ ಮನೆಯವರು ಎಷ್ಟು ಹುಡುಕಿದರೂ ಏನೂ ಸಿಗದು.

ದೂರು ದಾಖಲಾದರೆ ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವಳಿಗೆ ಉಚಿತವಾಗಿ ಕೊಡಬೇಕೆಂದು 173ನೇ ಕಲಂ ಹೇಳುತ್ತದೆ. ಸಂಘದ ಇಬ್ಬರಾದರೂ ಅವಳ ಜೊತೆ ಹೋಗಿ. ಪ್ರತಿ ಕೈಗೆ ಬರುವ ತನಕ ಠಾಣೆಯ ಬೆಂಚಿನಿಂದ ಏಳಬೇಡಿ.